ಚಿತ್ರಗೀತೆಯ ಪಾಠಾಂತರಗಳು: ಚಿನ್ನದ ಗಣಿಯ ನಾಡಿನಿಂದ ಒಂದು ನಿದರ್ಶನ

ಹಳೆಯ ಕಾವ್ಯವೊಂದನ್ನು ಪರಿಷ್ಕರಿಸಿ ಅಚ್ಚಿಗೆ ಸಿದ್ಧಪಡಿಸುವ ವಿದ್ವಾಂಸನು ಮೊದಲು ಕೇಳುವ ಪ್ರಶ್ನೆ, ತನ್ನ ಕೈಗೆ ಬಂದ ಓಲೆಯ ಪ್ರತಿ ಯಾವ ಕಾಲದ್ದು, ಯಾವ ಮಾತೃಕೆಯಿಂದ ಇಳಿದು ಬಂದದ್ದು ಎಂಬುದು. ಲಿಪಿಕಾರನು ತಾನು ಕಂಡದ್ದನ್ನೇ ಬರೆದೆನೆಂದು ಹೇಳಿಕೊಂಡರೂ ತನಗೆ ತಿಳಿಯದ ಮಾತನ್ನು ತಿದ್ದುತ್ತಾನೆ. ತನ್ನ ಕಾಲದ ರೂಪಗಳನ್ನು ಒಳಗೆ ಸೇರಿಸುತ್ತಾನೆ. ಕೆಲವೆಡೆ ಸಾಲನ್ನೇ ಬಿಟ್ಟುಬಿಡುತ್ತಾನೆ. ಈ ತಿದ್ದುಪಡಿಗಳು ಕವಿಯ ಮಾತನ್ನು ಮರೆಮಾಡುವುದು ನಿಜ. ಆದರೆ ಲಿಪಿಕಾರನ ಕಾಲವನ್ನೂ ದೇಶವನ್ನೂ ಅವನ ಓದುಗರ ರುಚಿಯನ್ನೂ ತಿಳಿಯಲು ಅವಕ್ಕಿಂತ ಒಳ್ಳೆಯ ಆಧಾರ ನಮಗೆ ದೊರೆಯದು. ಚಲನಚಿತ್ರದ ಹಾಡಿಗೂ ಇಂದು ಇದೇ ಸ್ಥಿತಿ ಒದಗಿದೆ. ಒಂದೇ ಮಟ್ಟು ಬೇರೆ ವಾದ್ಯವೃಂದದಿಂದ, ಬೇರೆ ಕಂಠದಿಂದ, ಬೇರೆ ಭಾಷೆಯಿಂದ ಮತ್ತೆ ಮತ್ತೆ ಮುದ್ರಿತವಾಗಿ ಸಂಕಲನಗಳಲ್ಲಿ ಸೇರಿ ಕೇಳುಗನ ಬಳಿಗೆ ಬರುತ್ತದೆ. ಆ ಮುದ್ರಣಗಳನ್ನು ಮೂಲದ ನಕಲುಗಳೆಂದು ಬದಿಗೊತ್ತದೆ ಪಾಠಾಂತರಗಳೆಂದು ಎಣಿಸಿ ಓದಬೇಕೆಂಬುದು ಪ್ರಕೃತ ಲೇಖನದಲ್ಲಿ ನಮ್ಮ ವಾದ. ಇದಕ್ಕೆ ನಿದರ್ಶನವಾಗಿ ಕೋಲಾರದ ಚಿನ್ನದ ಗಣಿಯ ಹೆಸರನ್ನೇ ಹೊತ್ತ ಚಿತ್ರವೊಂದರಲ್ಲಿ ಮರುಜನ್ಮ ಪಡೆದ ಹಾಡನ್ನು ಆಯ್ದುಕೊಂಡಿದ್ದೇವೆ.

ಆ ಹಾಡು ‘ಜೋಕೆ’ ಎಂಬ ಮಾತಿನಿಂದ ಆರಂಭವಾಗುವುದು. 1970ರಲ್ಲಿ ವೈ. ಆರ್. ಸ್ವಾಮಿಯವರ ನಿರ್ದೇಶನದಲ್ಲಿ ರಾಜಕುಮಾರ್ ಅವರು ನಾಯಕರಾಗಿ ನಟಿಸಿದ ‘ಪರೋಪಕಾರಿ’ ಚಿತ್ರಕ್ಕಾಗಿ ಉಪೇಂದ್ರಕುಮಾರ್ ಅವರು ಇದಕ್ಕೆ ಸಂಗೀತ ರಚಿಸಿದರು, ಹಾಡಿದವರು ಎಲ್. ಆರ್. ಈಶ್ವರಿ. ನಲವತ್ತೆಂಟು ವರ್ಷಗಳ ತರುವಾಯ, 2018ರ ಡಿಸೆಂಬರ್ 21ರಂದು ತೆರೆಕಂಡ ‘ಕೆ.ಜಿ.ಎಫ್.’ ಚಿತ್ರದ ಮೊದಲ ಭಾಗದಲ್ಲಿ ರವಿ ಬಸ್ರೂರು ಅವರ ಸಂಗೀತ ನಿರ್ವಹಣೆಯಲ್ಲಿ ಐರಾ ಉಡುಪಿ ಅವರು ಅದನ್ನೇ ಮತ್ತೆ ಹಾಡಿದರು. ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಎರಡನೆಯದೇ ಮೊದಲು ಪರಿಚಯವಾದದ್ದು. ಮೂಲವನ್ನು ಅವರು ಹಿಂದಿರುಗಿ ಹುಡುಕಿ ಕೇಳಬೇಕಾಗಿದೆ. ಪ್ರಾಚೀನ ಕಾವ್ಯವನ್ನು ಗದ್ಯಾನುವಾದದ ಮೂಲಕ ಮೊದಲು ಬಲ್ಲ ಓದುಗನ ಸ್ಥಿತಿಯೂ ಇಂಥದೇ.

ಮುಂದುವರಿಯುವ ಮೊದಲು ಒಂದು ಮಾತಿನ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. ದಕ್ಷಿಣದ ಚಿತ್ರೋದ್ಯಮದಲ್ಲಿ ‘ರೀರೆಕಾರ್ಡಿಂಗ್’ ಎಂದರೆ ಹಿನ್ನೆಲೆ ಸಂಗೀತವನ್ನು ಚಿತ್ರಕ್ಕೆ ಕೂಡಿಸುವ ಕೆಲಸವೆಂದೇ ರೂಢಿ; ಹಳೆಯ ಚಿತ್ರಗಳ ಶೀರ್ಷಿಕೆಗಳಲ್ಲಿ ಈ ಮಾತು ಕಂಡಾಗ ಹಾಡನ್ನು ಎರಡನೆಯ ಸಲ ಮುದ್ರಿಸಿದರೆಂದು ತಿಳಿಯಬಾರದು. ನಾವು ಇಲ್ಲಿ ವಿವರಿಸುವ ವ್ಯವಹಾರಕ್ಕೆ ‘ಮರುಮುದ್ರಣ’ ಎಂಬ ಪದವನ್ನು ಬಳಸುತ್ತೇವೆ. ಅಚ್ಚಿನ ಲೋಕದಲ್ಲಿ ಅದಕ್ಕೆ ಬೇರೆ ಅರ್ಥವಿದ್ದರೂ ಪ್ರಕರಣದಿಂದ ಗೊಂದಲವಾಗಲಾರದು.

ಮರುಮುದ್ರಣವು ಇತ್ತೀಚಿನ ಚಟವೆಂದು ಭಾವಿಸುವವರಿದ್ದಾರೆ. ಅದು ಹಾಗಲ್ಲ. ಕನ್ನಡದ ವಾಕ್ಚಿತ್ರವು ‘ಸತಿ ಸುಲೋಚನಾ’ದೊಡನೆ 1934ರ ಮಾರ್ಚ್ 3ರಂದು ಜನರ ಮುಂದೆ ಬಂದಿತು. ಆ ಕಾಲದಲ್ಲಿ ನಟನಟಿಯರು ಕ್ಯಾಮರಾದ ಎದುರಿಗೇ ಹಾಡುತ್ತಿದ್ದರು. ಆ ಧ್ವನಿಯು ಚಿತ್ರದ ಸುರುಳಿಯಲ್ಲಿ ಬೆಳಕಿನ ಗೆರೆಯಾಗಿ ಉಳಿಯುತ್ತಿತ್ತು. ಗ್ರಾಮಫೋನ್ ತಟ್ಟೆಗಾಗಿ ಅದೇ ಹಾಡನ್ನು ಬೇರೆ ಕೊಠಡಿಯಲ್ಲಿ, ಬೇರೆ ದಿನ, ಕೆಲವು ಸಲ ಬೇರೆ ಗಾಯಕರಿಂದ ಮತ್ತೆ ಹಾಡಿಸಬೇಕಾಗುತ್ತಿತ್ತು. 78 ಸುತ್ತಿನ ತಟ್ಟೆಯ ಒಂದು ಮುಖ ಮೂರು ನಿಮಿಷಗಳಿಗಿಂತ ಸ್ವಲ್ಪವೇ ಹೆಚ್ಚು ಹಿಡಿಯುತ್ತಿದ್ದುದರಿಂದ ಹಾಡನ್ನು ಕುಗ್ಗಿಸುವುದೂ ಅನಿವಾರ್ಯವಾಗಿತ್ತು. ಆದಕಾರಣ ನಮ್ಮ ಹಿರಿಯರು ಮನೆಯಲ್ಲಿ ಕೇಳಿ ಕಂಠಪಾಠ ಮಾಡಿದ ಎಷ್ಟೋ ಹಾಡುಗಳು ಚಿತ್ರದ ಹಾಡುಗಳಲ್ಲ, ಅವುಗಳ ಮೊದಲ ಪಾಠಾಂತರಗಳು. ಹಿನ್ನೆಲೆ ಗಾಯನ ನೆಲೆಗೊಂಡು, ಒಂದೇ ಮುದ್ರಣವು ಚಿತ್ರಕ್ಕೂ ತಟ್ಟೆಗೂ ಸಲ್ಲತೊಡಗಿದ ಮೇಲೆಯೇ ‘ಮೂಲ’ ಎಂಬ ಭಾವನೆ ದೃಢವಾದುದು.

ಹೊರದೇಶಗಳಲ್ಲಿ ಈ ವ್ಯವಹಾರವು ಎರಡು ದಾರಿ ಹಿಡಿಯಿತು. ಒಂದು, ವ್ಯಾಪಾರದ ದಾರಿ. ಇಟಲಿಯ ಎನ್ನಿಯೊ ಮೊರಿಕೋನೆ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಚಿತ್ರಕ್ಕೆ ರಚಿಸಿದ ಸಂಗೀತವನ್ನು ಅಮೆರಿಕದ ಹ್ಯೂಗೊ ಮಾಂಟೆನೆಗ್ರೊ ತನ್ನ ವಾದ್ಯವೃಂದದಿಂದ ಮತ್ತೆ ನುಡಿಸಿ ಹೊರತಂದನು. 1968ರಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು ಮೊರಿಕೋನೆಯ ಮುದ್ರಣವಲ್ಲ, ಈ ಮರುಮುದ್ರಣ. ಇಂಗ್ಲೆಂಡಿನಲ್ಲಿ ಜೆಫ್ ಲವ್ ಎಂಬಾತನು ‘ಮ್ಯೂಸಿಕ್ ಫಾರ್ ಪ್ಲೆಷರ್’ ಎಂಬ ಅಗ್ಗದ ಬೆಲೆಯ ಮಾಲೆಗಾಗಿ ಜನಪ್ರಿಯ ಚಿತ್ರಗಳ ವಸ್ತುರಾಗಗಳನ್ನು ಒಂದೊಂದು ವಿಷಯದ ಹೆಸರಿನಲ್ಲಿ ಸಂಕಲಿಸಿ ನುಡಿಸಿದನು. ಹತ್ತು ಚಿತ್ರಗಳ ಹತ್ತು ತಟ್ಟೆಗಳನ್ನು ಕೊಳ್ಳಲಾರದವನಿಗೆ ಒಂದೇ ತಟ್ಟೆಯಲ್ಲಿ ಹತ್ತೂ ದೊರೆಯುವುದು ಸಣ್ಣ ಅನುಕೂಲವೇನಲ್ಲ.

ಇನ್ನೊಂದು ಸಂಶೋಧನೆಯ ದಾರಿ. 1972ರಿಂದ ಆರ್.ಸಿ.ಎ. ಸಂಸ್ಥೆಗಾಗಿ ಚಾರ್ಲ್ಸ್ ಗೆರ್ಹಾರ್ಟ್ ಎಂಬಾತನು ಲಂಡನ್ನಿನ ನ್ಯಾಷನಲ್ ಫಿಲ್ಹಾರ್ಮಾನಿಕ್ ವಾದ್ಯವೃಂದದಿಂದ ಕಾರ್ನ್‌ಗೋಲ್ಡ್, ಮ್ಯಾಕ್ಸ್ ಸ್ಟೈನರ್ ಮೊದಲಾದವರ ಹಳೆಯ ಚಿತ್ರಸಂಗೀತವನ್ನು ಮರುಮುದ್ರಿಸಿದನು. ಮೂಲ ಮುದ್ರಣಗಳು ಮಂಕಾಗಿದ್ದವು. ಸಂಭಾಷಣೆಯ ಕೆಳಗೆ ಹೂತುಹೋಗಿದ್ದ ವಾದ್ಯಗಳು ಆ ಮರುಮುದ್ರಣದಲ್ಲಿಯೇ ಮೊದಲ ಬಾರಿಗೆ ತೆರೆದು ಕೇಳಿಸಿದವು. ಎಂ.ಜಿ.ಎಂ. ಸಂಸ್ಥೆಯ ಸ್ವರಲಿಪಿಗಳ ಬಹುಭಾಗ ಕಸದೊಡನೆ ನೆಲ ತುಂಬಲು ಹೋದ ಮೇಲೆ ಆ ಚಿತ್ರಗಳ ಸಂಗೀತವನ್ನು ಇಂಗ್ಲೆಂಡಿನ ಜಾನ್ ವಿಲ್ಸನ್ ಕಿವಿಯಿಂದ ಕೇಳಿ ಕೇಳಿ ಮತ್ತೆ ಬರೆದುಕೊಳ್ಳಬೇಕಾಯಿತು. ಇದು ಗ್ರಂಥಸಂಪಾದನೆಯೇ ಹೊರತು ಬೇರೆಯಲ್ಲ. ಮೊದಲ ದಾರಿಯವರನ್ನು ಹೀನರೆಂದೂ ಎರಡನೆಯವರನ್ನು ಶ್ರೇಷ್ಠರೆಂದೂ ತೂಗುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಇತಿಹಾಸಕಾರನಿಗೆ ಜೆಫ್ ಲವ್‌ನ ಅಗ್ಗದ ತಟ್ಟೆಯೂ ಸಾಕ್ಷಿ. ಬಹುಶಃ ಹೆಚ್ಚು ಮಾತಾಡುವ ಸಾಕ್ಷಿ.

ನಮ್ಮ ದೇಶದಲ್ಲಿ ಎಚ್.ಎಂ.ವಿ. ತಟ್ಟೆಗಳ ಮೂಲಕ ವಾನ್ ಶಿಪ್ಲಿಯವರ ವಿದ್ಯುತ್ ಗಿಟಾರು, ಈನಾಕ್ ಡೇನಿಯಲ್ಸ್ ಅವರ ಅಕಾರ್ಡಿಯನ್, ಸುನಿಲ್ ಗಂಗೂಲಿಯವರ ಗಿಟಾರುಗಳು ಮಾತಿಲ್ಲದ ಚಿತ್ರಗೀತೆಗಳನ್ನು ಮನೆಮನೆಗೂ ಮುಟ್ಟಿಸಿದವು. ಬಾನುಲಿಯಲ್ಲಿ ಎರಡು ಕಾರ್ಯಕ್ರಮಗಳ ನಡುವಿನ ತೆರಪನ್ನು ಇಂಥ ತಟ್ಟೆಗಳು ತುಂಬುತ್ತಿದ್ದವು. ಮಾತಿಲ್ಲದ ಮಟ್ಟಿಗೆ ಭಾಷೆಯ ಗಡಿ ಇಲ್ಲವೆಂಬುದನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳಬೇಕು. ಮೂರು ನಾಲ್ಕು ಭಾಷೆಗಳು ಬೆರೆತ ಊರುಗಳಲ್ಲಿ ಇದರ ಬೆಲೆ ಹೆಚ್ಚು. 1980ರ ದಶಕದಲ್ಲಿ ಕ್ಯಾಸೆಟ್ಟು ಬಂದಮೇಲೆ ಟಿ-ಸೀರೀಸ್ ಸಂಸ್ಥೆಯು ಹಳೆಯ ಹಿಂದಿ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ಅಗ್ಗವಾಗಿ ಮಾರಿತು. ಪೀಟರ್ ಮ್ಯಾನುಯೆಲ್ ಅವರು 1993ರಲ್ಲಿ ಪ್ರಕಟಿಸಿದ ಕ್ಯಾಸೆಟ್ ಸಂಸ್ಕೃತಿಯನ್ನು ಕುರಿತ ಗ್ರಂಥದಲ್ಲಿ ಇದರ ವಿಸ್ತಾರವಾದ ಚರ್ಚೆಯಿದೆ. ಮುಂದೆ ಲತಾ ಮಂಗೇಶ್ಕರ್ ಅವರೇ ತಮ್ಮ ಹಿರಿಯ ಹಾಗೂ ಸಮಕಾಲೀನ ಗಾಯಕರ ಹಾಡುಗಳನ್ನು ‘ಶ್ರದ್ಧಾಂಜಲಿ’ ಎಂಬ ಸಂಕಲನದಲ್ಲಿ ಹಾಡಿದರು. ಒಂದು ಕಡೆ ಹೊಸಬರು ಲತಾ ಅವರ ಹಾಡನ್ನು ಹಾಡಿದರೆ ಇನ್ನೊಂದು ಕಡೆ ಲತಾ ಅವರು ಇತರರ ಹಾಡನ್ನು ಹಾಡಿದರು. ಮೊದಲನೆಯದನ್ನು ಕಳ್ಳತನವೆಂದು ಬೈದವರೂ ಎರಡನೆಯದನ್ನು ಗುರುಕಾಣಿಕೆಯೆಂದು ಮೆಚ್ಚಿದರು!

ಕನ್ನಡನಾಡಿನಲ್ಲಿ ಮರುಮುದ್ರಣಕ್ಕಿಂತ ಬಲವಾಗಿ ಬೆಳೆದದ್ದು ಮರುವಾದನ. ಗಣೇಶೋತ್ಸವದ ಮತ್ತು ರಾಜ್ಯೋತ್ಸವದ ಚಪ್ಪರಗಳಲ್ಲಿ ನಡೆಯುವ ‘ರಸಮಂಜರಿ’ ಕಾರ್ಯಕ್ರಮವನ್ನು ಕಾಣದ ಊರಿಲ್ಲ. ಅದನ್ನು ನಡೆಸುವ ಮೇಳಕ್ಕೆ ಜನರು ‘ಆರ್ಕೆಸ್ಟ್ರಾ’ ಎಂದೇ ಕರೆಯುತ್ತಾರೆ. ಆ ಪದಕ್ಕೆ ಯೂರೋಪಿನಲ್ಲಿರುವ ಅರ್ಥ ಇಲ್ಲಿ ಸಲ್ಲುವುದಿಲ್ಲ. ಮದುವೆಯ ದಿಬ್ಬಣದ ಮುಂದೆ ನಡೆಯುವ ಬ್ಯಾಂಡ್‌ಸೆಟ್ಟಿನವರು ಕ್ಲಾರಿಯೊನೆಟ್ಟಿನಲ್ಲಿಯೂ ಟ್ರಂಪೆಟ್ಟಿನಲ್ಲಿಯೂ ಅದೇ ಹಾಡುಗಳನ್ನು ಊದುತ್ತಾರೆ. ಇವರಲ್ಲಿ ಬಹುಮಂದಿಗೆ ಆಧಾರ ಸ್ವರಲಿಪಿಯಲ್ಲ, ಕಿವಿ. ಮೂಲದಲ್ಲಿ ಮೂವತ್ತು ಜನ ನುಡಿಸಿದ್ದನ್ನು ಎಂಟು ಜನ ನುಡಿಸುವಾಗ ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂಬ ವಿವೇಚನೆಯಿದೆಯಲ್ಲ, ಅದು ಒಂದು ಬಗೆಯ ವ್ಯಾಖ್ಯಾನ. ಹಾಡಿನ ನಡುವಣ ವಾದ್ಯಖಂಡವನ್ನು ತಪ್ಪಿಲ್ಲದೆ ನುಡಿಸಿದಾಗ ಪ್ರೇಕ್ಷಕರು ಚಪ್ಪಾಳೆ ತಟ್ಟುವುದನ್ನು ಗಮನಿಸಿದರೆ, ಮೂಲದ ವಾದ್ಯಭಾಗವೂ ಹಾಡಿನ ಶರೀರವೆಂದು ಜನ ಒಪ್ಪಿರುವುದು ಸ್ಪಷ್ಟಪಡುತ್ತದೆ.

ಇನ್ನು ನಮ್ಮ ಪ್ರದೇಶಕ್ಕೆ ಬರೋಣ. ಬೌರಿಂಗ್‌ಪೇಟೆಯೆಂದು ಮೊದಲು ಕರೆಸಿಕೊಂಡಿದ್ದ ಬಂಗಾರಪೇಟೆಯು ರೈಲುಮಾರ್ಗದ ಕೂಡುನೆಲೆ. ಅಲ್ಲಿಂದ ಸುಮಾರು ಹತ್ತು ಮೈಲಿಗಳ ಕವಲುಮಾರ್ಗವೊಂದು 1894ರಲ್ಲಿ ತೆರೆದು, ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂ ಮುಟ್ಟಿತು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಸಂಸ್ಥೆ ಇಲ್ಲಿ ಆಧುನಿಕ ಗಣಿಗಾರಿಕೆಯನ್ನು ನಿರ್ವಹಿಸಿತು. 1902ರ ಜೂನಿನಲ್ಲಿ ಶಿವನಸಮುದ್ರದಿಂದ ತೊಂಬತ್ತೆರಡು ಮೈಲಿ ದೂರ ವಿದ್ಯುತ್ತು ಹರಿದು ಬಂದುದು ಗಣಿಯಂತ್ರಗಳಿಗಾಗಿ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷಗಳ ತರುವಾಯ. ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರವು ವಹಿಸಿಕೊಂಡಿತು, 1962ರಲ್ಲಿ ಕೇಂದ್ರ ಸರ್ಕಾರ. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಏರ್ಪಟ್ಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಗಣಿಯ ಕಾರ್ಮಿಕರು ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಕಡೆಗಳಿಂದ ಬಂದ ತಮಿಳರು ಮತ್ತು ತೆಲುಗರು. ಅವರಲ್ಲಿ ದಲಿತರ ಸಂಖ್ಯೆ ದೊಡ್ಡದು. ಮೇಲಿನ ಹುದ್ದೆಗಳಲ್ಲಿ ಆಂಗ್ಲರೂ ಆಂಗ್ಲೋ-ಇಂಡಿಯನ್ನರೂ ಇದ್ದರು. ಸುತ್ತಣ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು, ಬಂಗಾರಪೇಟೆಯ ಪೇಟೆಬೀದಿಯಲ್ಲಿ ಇವುಗಳ ಜೊತೆಗೆ ಉರ್ದು. ಇಂಥ ಪ್ರದೇಶದಲ್ಲಿ ‘ನಮ್ಮ ಹಾಡು’ ಎಂದರೆ ಯಾವುದು? ತಮಿಳು ಕಾರ್ಮಿಕನ ಮನೆಯ ಹಾಡು ಬೇರೆ, ಕನ್ನಡದ ಶಾಲೆಯ ಮೇಷ್ಟರ ಹಾಡು ಬೇರೆ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಚಿತ್ರಗೀತೆಗಳು ಎಲ್ಲಿ ತಯಾರಾದುವೆಂಬುದನ್ನು ನೋಡಿದರೆ ಚಿತ್ರ ಬದಲಾಗುತ್ತದೆ. 1950 ಮತ್ತು 1960ರ ದಶಕಗಳಲ್ಲಿ ಕನ್ನಡ ಚಿತ್ರಗಳ ಹಾಡುಗಳು ಬಹುಮಟ್ಟಿಗೆ ಮದರಾಸಿನಲ್ಲಿ ಮುದ್ರಿತವಾದವು. ಅಲ್ಲಿನ ಪಿಟೀಲು, ಕೊಳಲು, ಸಿತಾರು, ಗಿಟಾರು, ತಬಲಗಳ ವಾದಕರು ಬೆಳಗ್ಗೆ ತಮಿಳು ಹಾಡಿಗೆ ನುಡಿಸಿ, ಮಧ್ಯಾಹ್ನ ತೆಲುಗಿಗೋ ಕನ್ನಡಕ್ಕೋ ಮಲಯಾಳಕ್ಕೋ ನುಡಿಸುವುದು ಸಾಮಾನ್ಯ ಸಂಗತಿಯಾಗಿತ್ತು. ಸಂಗೀತ ನಿರ್ದೇಶಕ ಬದಲಾಗುತ್ತಿದ್ದ, ಸಾಹಿತ್ಯದ ಭಾಷೆ ಬದಲಾಗುತ್ತಿತ್ತು. ಬಿಲ್ಲು ಹಿಡಿದ ಕೈ ಅದೇ. ಆದ್ದರಿಂದ ಗಣಿಯ ಲೈನುಮನೆಗಳಲ್ಲಿ ಕೇಳಿದ ತಮಿಳು ಹಾಡಿನ ಹಿಂದಿನ ವಾದ್ಯವೃಂದವೂ ಬಂಗಾರಪೇಟೆಯಲ್ಲಿ ಕೇಳಿದ ಕನ್ನಡ ಹಾಡಿನ ಹಿಂದಿನ ವಾದ್ಯವೃಂದವೂ ಬಹುಮಟ್ಟಿಗೆ ಒಂದೇ ಜನ. ಭಾಷೆಯ ಇತಿಹಾಸಗಳನ್ನು ಬೇರೆ ಬೇರೆಯಾಗಿ ಬರೆಯುವವರಿಗೆ ಈ ಅಂಶ ಕಣ್ಣಿಗೆ ಬೀಳುವುದಿಲ್ಲ.

ಎಲ್. ಆರ್. ಈಶ್ವರಿಯವರ ಕಂಠವು ಈ ಐಕ್ಯಕ್ಕೆ ಅತ್ಯುತ್ತಮ ದೃಷ್ಟಾಂತ. ಮದರಾಸಿನ ರೋಮನ್ ಕ್ಯಾಥೊಲಿಕ್ ಕುಟುಂಬದಲ್ಲಿ ಹುಟ್ಟಿ, ವೃಂದಗಾಯಕಿಯಾಗಿ ಚಿತ್ರರಂಗಕ್ಕೆ ಬಂದು, 1961ರ ತಮಿಳು ಚಿತ್ರ ‘ಪಾಸಮಲರ್’ನ ಮದುವೆಯ ಹಾಡಿನಿಂದ ಅವರು ಮನೆಮಾತಾದರು. ಆ ಹಾಡು ತಮಿಳರ ಮದುವೆಗಳಲ್ಲಿ ಧ್ವನಿವರ್ಧಕಕ್ಕೆ ಕಡ್ಡಾಯವೆಂಬಷ್ಟು ರೂಢವಾಯಿತು. ಅನಂತರ ಅವರಿಗೆ ದೊರೆತದ್ದು ಹೆಚ್ಚಾಗಿ ಕ್ಲಬ್ಬಿನ ನೃತ್ಯದ ಹಾಡುಗಳು; ಇನ್ನೊಂದೆಡೆ ಮಾರಿಯಮ್ಮನ ಭಕ್ತಿಗೀತೆಗಳು. ಕ್ಯಾಥೊಲಿಕ್ ಗಾಯಕಿಯೊಬ್ಬರ ಕಂಠದಲ್ಲಿ ಅಮ್ಮನ ಹಾಡುಗಳು ಆಷಾಢಮಾಸದ ಬೀದಿಗಳನ್ನು ತುಂಬುವುದು ತಮಿಳು ಮಾತಾಡುವ ಊರುಗಳಲ್ಲೆಲ್ಲ ಪರಿಚಿತ. ಇಗರ್ಜಿಯೂ ಮಾರಿಗುಡಿಯೂ ಒಂದರ ಪಕ್ಕಕ್ಕೊಂದು ನಿಂತಿರುವ ಗಣಿಯ ಪೇಟೆಗಳಿಗೆ ಇದಕ್ಕಿಂತ ಒಗ್ಗುವ ಕಂಠ ಇನ್ನಾವುದು? ಇದೇ ಕಂಠವನ್ನು ಕನ್ನಡಿಗನು ‘ಪರೋಪಕಾರಿ’ಯಲ್ಲಿ ಕೇಳಿದನು. ಒಡಿಶಾ ಮೂಲದ ಉಪೇಂದ್ರಕುಮಾರ್ ಅವರು ರಚಿಸಿ, ತಮಿಳು ಗಾಯಕಿ ಹಾಡಿದುದು ಕನ್ನಡದ ಹಾಡೆಂದು ನಿಂತಿತು. ಚಿತ್ರಗೀತೆಯಲ್ಲಿ ಪ್ರಾಂತಶುದ್ಧಿಯನ್ನು ಹುಡುಕುವವರು ಇದನ್ನು ಯೋಚಿಸಬೇಕು.

ಈಗ 2018ರ ಪಾಠಕ್ಕೆ ಬರೋಣ. ಪ್ರಶಾಂತ್ ನೀಲ್ ಅವರ ಚಿತ್ರವು ಗಣಿಪ್ರದೇಶದ ಸಯನೈಡ್ ದಿಬ್ಬಗಳ ಮೇಲೆಯೇ ಬಹುಮಟ್ಟಿಗೆ ಚಿತ್ರಿತವಾಯಿತು. ಆದರೆ ಅದರ ಕಥೆಯಲ್ಲಿ ಚಿನ್ನ ಕಾಣಿಸಿಕೊಳ್ಳುವುದು 1951ರಲ್ಲಿ. ನರಾಚಿಯೆಂಬ ಗುಪ್ತ ಗಣಿಯಲ್ಲಿ ಒಂದು ಕುಟುಂಬದ ಕೆಳಗೆ ಜನ ಗುಲಾಮರಾಗಿ ದುಡಿಯುತ್ತಾರೆ. ವಾಸ್ತವದಲ್ಲಿ ಆ ವೇಳೆಗೆ ಗಣಿಗಾರಿಕೆಗೆ ಎಪ್ಪತ್ತು ವರ್ಷಗಳು ಸಂದಿದ್ದವು. ಷೇರುದಾರರ ಕಂಪನಿಗಳು ಅದನ್ನು ನಡೆಸುತ್ತಿದ್ದವು. 1930ರಲ್ಲಿಯೇ ಇಲ್ಲಿನ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದ್ದರು. ಕಥೆಗಾರನಿಗೆ ಕಲ್ಪನೆಯ ಸ್ವಾತಂತ್ರ್ಯವಿದೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಒಂದು ಮಾತನ್ನು ಮಾತ್ರ ಹೇಳಬಹುದು: ಈ ಚಿತ್ರವು ಹಾಡನ್ನು ಮರುಮುದ್ರಿಸಿದಂತೆ ಊರನ್ನೂ ಮರುಮುದ್ರಿಸಿದೆ, ಮತ್ತು ಎರಡರಲ್ಲಿಯೂ ಉಳಿದದ್ದು ಬಿಟ್ಟದ್ದನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಬಹುದು.

ಹಾಡಿನಲ್ಲಿ ಉಳಿದದ್ದು ಮಟ್ಟು, ಸಾಹಿತ್ಯದ ಎತ್ತುಗಡೆ, ಕ್ಲಬ್ಬಿನ ನೃತ್ಯವೆಂಬ ಸಂದರ್ಭ. ಬಿಟ್ಟುಹೋದದ್ದು ಒಂದೇ ಕೊಠಡಿಯಲ್ಲಿ ಒಟ್ಟಿಗೆ ಕುಳಿತು ನುಡಿಸಿದವರ ಉಸಿರು. 1970ರ ಸುಮಾರಿನಲ್ಲಿ ಗಾಯಕಿಯೂ ವಾದಕರೂ ಏಕಕಾಲದಲ್ಲಿ ಹಾಡಿ ನುಡಿಸಿ ಒಂದೇ ಧ್ವನಿಪಥದ ಮೇಲೆ ಮುದ್ರಿಸುವುದು ವಾಡಿಕೆ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಹೀಗೆ ಬೆಸೆದುಹೋದ ಧ್ವನಿಯಿಂದ ಕಂಠವನ್ನು ಮಾತ್ರ ಬಿಡಿಸಿ ತೆಗೆಯುವುದು ಇತ್ತೀಚಿನ ಗಣಕತಂತ್ರ ಬರುವವರೆಗೂ ಅಸಾಧ್ಯವೆಂಬಂತಿತ್ತು. ಹಳೆಯ ಹಾಡಿಗೆ ಹೊಸ ವಾದ್ಯಮೇಳ ಬೇಕಾದರೆ ಕಂಠವನ್ನೂ ಹೊಸದಾಗಿ ಹಾಡಿಸುವುದೇ ಸುಲಭದ ದಾರಿಯಾದುದಕ್ಕೆ ಇದೊಂದು ಕಾರಣ. 2018ರಲ್ಲಿ ತಾಳವನ್ನು ಯಂತ್ರ ಹಿಡಿಯುತ್ತದೆ. ಮಂದ್ರಸ್ವರಗಳಿಗೆ ಇಂದಿನ ಚಿತ್ರಮಂದಿರ ಬೇಡುವ ಭಾರ ಬಂದಿದೆ. ಇದು ಲಿಪಿಕಾರನು ಹಳಗನ್ನಡದ ರೂಪವನ್ನು ತನ್ನ ಕಾಲದ ಕನ್ನಡಕ್ಕೆ ತಿದ್ದಿದಂತೆ. ನಮ್ಮ ಕಿವಿಗೆ ಈಶ್ವರಿಯವರ ಹಾಡಿನಲ್ಲಿರುವ ತುಂಟತನ ಹೊಸದರಲ್ಲಿ ಇಲ್ಲ. ಹೊಸದರಲ್ಲಿರುವ ಬಿಗಿ ಹಳೆಯದರಲ್ಲಿ ಇರಲಿಲ್ಲವೆಂಬುದನ್ನೂ ಒಪ್ಪಬೇಕು.

ಇದಕ್ಕಿಂತ ಹೆಚ್ಚು ಉಪಯುಕ್ತವಾದ ಸಾಕ್ಷ್ಯ ಇನ್ನೊಂದಿದೆ. ಆ ಚಿತ್ರವು ಕನ್ನಡದೊಡನೆ ತಮಿಳು, ತೆಲುಗು, ಮಲಯಾಳ, ಹಿಂದಿ ಭಾಷೆಗಳಲ್ಲಿಯೂ ತೆರೆಕಂಡಿತು. ಹಿಂದಿಯ ಪ್ರತಿಯಲ್ಲಿ ‘ಜೋಕೆ’ ಹಾಡಿನ ಸ್ಥಳಕ್ಕೆ 1989ರ ‘ತ್ರಿದೇವ್’ ಚಿತ್ರದ ‘ಗಲಿ ಗಲಿ’ ಎಂಬ ಹಾಡಿನ ಮರುಮುದ್ರಣವನ್ನು ಸೇರಿಸಲಾಯಿತು. ತನಿಷ್ಕ್ ಬಾಗ್ಚಿಯವರ ನಿರ್ವಹಣೆಯಲ್ಲಿ ನೇಹಾ ಕಕ್ಕರ್ ಅದನ್ನು ಹಾಡಿದರು. ನರ್ತಕಿಯೂ ಬೇರೆ: ಕನ್ನಡದಲ್ಲಿ ತಮನ್ನಾ, ಹಿಂದಿಯಲ್ಲಿ ಮೌನಿ ರಾಯ್. ಚಿತ್ರದ ಕಥೆ ನಡೆಯುವುದು 1980ರ ಸುಮಾರಿನವರೆಗೆ. ಕನ್ನಡದಲ್ಲಿ ಸೇರಿಸಿದ 1970ರ ಹಾಡು ಆ ಕಾಲಕ್ಕೆ ಹೊಂದುತ್ತದೆ. ಹಿಂದಿಯಲ್ಲಿ ಸೇರಿಸಿದ ಹಾಡು ಕಥೆಯ ಕಾಲದಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ. ಕಾಲವಿರೋಧವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಪಾಠಾಂತರದ ನ್ಯಾಯವನ್ನು ಅನ್ವಯಿಸಿದರೆ ಎರಡೂ ಆಯ್ಕೆಗಳು ಕಥೆಯ ಕಾಲವನ್ನಲ್ಲ, ಪ್ರೇಕ್ಷಕನ ನೆನಪಿನ ಕಾಲವನ್ನು ಸೂಚಿಸುತ್ತವೆಯೆಂದು ತಿಳಿಯಬರುತ್ತದೆ. ಹಿಂದಿಯ ಪ್ರೇಕ್ಷಕನಿಗೆ ‘ಹಳೆಯ ದಿನ’ವೆಂದರೆ ಅವನ ಬಾಲ್ಯದ ಕ್ಯಾಸೆಟ್ಟಿನ ದಿನ. ಕನ್ನಡದ ಪ್ರೇಕ್ಷಕನಿಗೆ ‘ಹಳೆಯ ದಿನ’ವೆಂದರೆ, ಅವನು ಯಾವಾಗಲೇ ಹುಟ್ಟಿರಲಿ, ರಾಜಕುಮಾರ್ ಅವರ ಚಿತ್ರಗಳ ದಿನ. ಒಂದೇ ಸ್ಥಳದಲ್ಲಿ ಎರಡು ಭಾಷೆಗಳು ಇಟ್ಟ ಎರಡು ಹಾಡುಗಳು ಎರಡು ಸಮಾಜಗಳ ಸ್ಮೃತಿಯ ಆಳವನ್ನು ಅಳೆದು ತೋರಿಸುತ್ತವೆ. ಇಂಥ ಅಳತೆಗೋಲು ಮೂಲ ಮುದ್ರಣವೊಂದರಿಂದಲೇ ದೊರೆಯುತ್ತಿರಲಿಲ್ಲ.

ಹಾಗಾದರೆ ಗಣಿಯ ಕಾರ್ಮಿಕನ ಸ್ಮೃತಿ? ಅದಕ್ಕೆ ಚಿತ್ರದ ಸಂಗೀತದಲ್ಲಿ ಪ್ರತ್ಯೇಕ ಸ್ಥಳ ನಮಗೆ ಕಾಣಲಿಲ್ಲ. 1970ರಲ್ಲಿ ಅವನು ಹೆಚ್ಚಾಗಿ ಕೇಳುತ್ತಿದ್ದದ್ದು ತಮಿಳು ಹಾಡು. ಆದರೂ ಕನ್ನಡದ ಪಾಠವನ್ನು ಸಿದ್ಧಪಡಿಸಿದವರು ಆರಿಸಿಕೊಂಡದ್ದು, ಅವರ ಉದ್ದೇಶ ಏನೇ ಇರಲಿ, ಆ ಕಾರ್ಮಿಕನಿಗೂ ಪರಿಚಿತವಾಗಿದ್ದ ಕಂಠದ ಹಾಡನ್ನು. ಆ ಕಂಠ ಮರುಮುದ್ರಣದಲ್ಲಿ ಇಲ್ಲ. ಕನ್ನಡಿಗನ ಮತ್ತು ತಮಿಳನ ನಡುವಿನ ಸಮಾನಾಂಶ ಯಾವುದಾಗಿತ್ತೋ ಅದೇ ಅಳಿಸಿಹೋಗಿದೆ. ಉಳಿದದ್ದು ಕನ್ನಡದ ಹಾಡೆಂಬ ಗುರುತು ಮಾತ್ರ. ನಾವು ಇದನ್ನು ಯಾರ ಅಪರಾಧವೆಂದೂ ಹೇಳುತ್ತಿಲ್ಲ. ಪಾಠಾಂತರದಲ್ಲಿ ಲುಪ್ತವಾದ ಪದವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವುದು ಸಂಪಾದಕನ ಧರ್ಮ, ಇಲ್ಲಿಯೂ ಅಷ್ಟೇ.

ಕಂಠದ ಮಾತು ಹೀಗಾಯಿತು. ವಾದಕರ ಮಾತು ಇದಕ್ಕಿಂತ ಕಠಿಣ. ಈಶ್ವರಿಯವರ ಹೆಸರು ತಟ್ಟೆಯ ಮೇಲಿದೆ. ಉಪೇಂದ್ರಕುಮಾರ್ ಅವರ ಹೆಸರೂ ಇದೆ. ಪಿಟೀಲು ನುಡಿಸಿದವರು ಯಾರು, ಗಿಟಾರು ಮೀಟಿದವರು ಯಾರು ಎಂಬುದಕ್ಕೆ ಚಿತ್ರದ ಶೀರ್ಷಿಕೆಯಲ್ಲಿಯೂ ತಟ್ಟೆಯ ಚೀಟಿಯಲ್ಲಿಯೂ ಉತ್ತರ ಹುಡುಕುವುದು ಆ ಕಾಲದ ಮಟ್ಟಿಗೆ ವ್ಯರ್ಥ. ಸಂಗೀತ ನಿರ್ದೇಶಕ ಎಂ. ಬಿ. ಶ್ರೀನಿವಾಸನ್ ಅವರು ಮದರಾಸಿನಲ್ಲಿ ಚಿತ್ರವಾದಕರ ಸಂಘವನ್ನು ಕಟ್ಟಿ ಅವರ ಕೂಲಿಗಾಗಿ ಹೋರಾಡಿದರು. ಹೆಸರಿನ ಹಕ್ಕು ಕೂಲಿಯಷ್ಟು ಬೇಗ ದೊರೆಯಲಿಲ್ಲ. ಮುಂಬಯಿಯ ವಾದಕರನ್ನು ಕುರಿತು ಗ್ರೆಗರಿ ಬೂತ್ ಅವರು 2008ರಲ್ಲಿ ಪ್ರಕಟಿಸಿದ ಗ್ರಂಥವು ಅವರ ಬಾಯಿಂದಲೇ ಕೇಳಿ ಬರೆದದ್ದು, ಏಕೆಂದರೆ ಬರಹದ ದಾಖಲೆ ಅಷ್ಟು ವಿರಳ. ದಕ್ಷಿಣದ ವಾದಕರ ವಿಷಯದಲ್ಲಿಯೂ ಅಂಥ ವಿಸ್ತಾರವಾದ ಕೆಲಸ ಆಗಬೇಕು.

ಕಾನೂನು ಇಲ್ಲಿ ಒಂದು ವಿಚಿತ್ರವಾದ ಪಾತ್ರ ವಹಿಸುತ್ತದೆ. 1957ರ ಕೃತಿಸ್ವಾಮ್ಯದ ಅಧಿನಿಯಮವು ಮರುಮುದ್ರಣಕ್ಕೆ ಅವಕಾಶವನ್ನು ಬಹುಕಾಲ 52ನೆಯ ಪ್ರಕರಣದ ಮೂಲಕ ಕೊಟ್ಟಿತ್ತು. ಕ್ಯಾಸೆಟ್ಟಿನ ಯುಗದ ವ್ಯಾಪಾರ ನಿಂತದ್ದು ಇದರ ಮೇಲೆ. 2012ರ ತಿದ್ದುಪಡಿಯಿಂದ ಬಂದ 31ಸಿ ಪ್ರಕರಣವು ಅದನ್ನು ಬಿಗಿಗೊಳಿಸಿತು. ಅದರಂತೆ ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷಗಳಾಗುವವರೆಗೆ ಈ ಬಗೆಯ ಪರವಾನಗಿಯ ಮೇಲೆ ಮರುಮುದ್ರಿಸುವಂತಿಲ್ಲ. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಗೌರವಧನ ಸಲ್ಲಿಸಬೇಕು. ತಾಂತ್ರಿಕವಾಗಿ ಅವಶ್ಯವಲ್ಲದ ಬದಲಾವಣೆಯನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಹೊದಿಕೆಯ ಮೇಲೆ ಇದು ಮರುಮುದ್ರಣವೆಂದು ಸ್ಪಷ್ಟವಾಗಿ ಹೇಳಬೇಕು, ಮೊದಲ ಗಾಯಕರ ಹೆಸರನ್ನಾಗಲಿ ಮೂಲ ಚಿತ್ರವನ್ನಾಗಲಿ ಕಾಣಿಸಕೂಡದು. ಕೊಳ್ಳುವವನು ಮೋಸಹೋಗದಿರಲೆಂಬುದು ಇದರ ಉದ್ದೇಶ, ಉದ್ದೇಶ ನ್ಯಾಯವಾದದ್ದು. ಆದರೆ ಇತಿಹಾಸದ ವಿದ್ಯಾರ್ಥಿಗೆ ಇದರ ಪರಿಣಾಮ ವಿಪರೀತ. ಈ ನಿಯಮಕ್ಕೆ ಒಳಪಟ್ಟ ಸಂಕಲನವು ತಾನು ಪ್ರತಿಯೆಂದು ಸಾರುತ್ತದೆ, ತನ್ನ ಮಾತೃಕೆ ಯಾವುದೆಂದು ಹೇಳುವುದಿಲ್ಲ. ಲಿಪಿಕಾರನ ಹೆಸರಿದ್ದು ಕವಿಕಾವ್ಯಗಳ ಗುರುತು ಅರ್ಧ ಹರಿದುಹೋದ ಓಲೆಯಂತೆ ಅದು ಮುಂದಿನ ತಲೆಮಾರಿನ ಕೈ ಸೇರುತ್ತದೆ. ಮೂಲ ಹಕ್ಕುದಾರರೊಡನೆ ನೇರವಾಗಿ ಒಪ್ಪಂದ ಮಾಡಿಕೊಂಡವರಿಗೆ ಈ ನಿರ್ಬಂಧವಿಲ್ಲವೆಂಬುದನ್ನು ಮರೆಯಬಾರದು.

ವಾದಕರ ವಿಷಯದಲ್ಲಿ ಅದೇ ಅಧಿನಿಯಮದ ಇನ್ನೊಂದು ವಾಕ್ಯ ಹೆಚ್ಚು ಪರಿಣಾಮಕಾರಿ. 1994ರ ತಿದ್ದುಪಡಿಯು ಪ್ರದರ್ಶಕರಿಗೆ ತಮ್ಮದೇ ಆದ ಹಕ್ಕನ್ನು ಕೊಟ್ಟಿತು. 2012ರಲ್ಲಿ ಆ ಹಕ್ಕು ವಿಸ್ತಾರವಾಯಿತು. ಆದರೆ ಅದರೊಡನೆಯೇ ಒಂದು ಉಪಬಂಧವೂ ಸೇರಿತು. ಚಲನಚಿತ್ರದಲ್ಲಿ ಯಾರ ಪ್ರದರ್ಶನವು ಆನುಷಂಗಿಕ ಸ್ವರೂಪದ್ದೋ, ಮತ್ತು ಉದ್ಯಮದ ರೂಢಿಯಂತೆ ಯಾರ ಹೆಸರು ಶೀರ್ಷಿಕೆಯಲ್ಲಿಯಾಗಲಿ ಬೇರೆಲ್ಲಿಯಾಗಲಿ ಕಾಣಿಸುವುದಿಲ್ಲವೋ, ಅಂಥವರನ್ನು ಬಹುತೇಕ ಉದ್ದೇಶಗಳಿಗೆ ಪ್ರದರ್ಶಕರೆಂದು ಎಣಿಸತಕ್ಕದ್ದಲ್ಲ. ವಾದ್ಯವೃಂದದ ಪಿಟೀಲುಗಾರನ ಕೆಲಸ ‘ಆನುಷಂಗಿಕ’ವೇ ಅಲ್ಲವೇ ಎಂಬುದು ವಾದಕ್ಕೆ ಎಡೆಯುಳ್ಳ ಪ್ರಶ್ನೆ, ಅಲ್ಲವೆಂದೇ ನಮ್ಮ ಮತ. ಆದರೆ ಉಪಬಂಧದ ಎರಡನೆಯ ಭಾಗದ ತರ್ಕವನ್ನು ಗಮನಿಸಬೇಕು. ಹಿಂದೆ ಹೆಸರು ಅಚ್ಚಾಗದಿದ್ದುದೇ ಇಂದು ಹಕ್ಕಿಲ್ಲವೆನ್ನಲು ಒಂದು ಕಾರಣವಾಗಬಹುದು. ಆ ಕಾಲದ ಅಲಕ್ಷ್ಯ ಈ ಕಾಲದ ಪ್ರಮಾಣವಾಗುತ್ತದೆ.

ಆದ್ದರಿಂದ ವಾದಕರ ಹೆಸರುಗಳನ್ನು ಸಂಗ್ರಹಿಸುವ ಕೆಲಸ ಕೇವಲ ಕುತೂಹಲದ್ದಲ್ಲ. ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಇತಿಹಾಸ ಓದುವವರಿಗೆ ಇದು ಕೈಗೆಟುಕುವ ಕ್ಷೇತ್ರಕಾರ್ಯ. 78 ಸುತ್ತಿನ ತಟ್ಟೆಯ ಚೀಟಿಯ ಪಕ್ಕದಲ್ಲಿ, ಗೆರೆಗಳು ಮುಗಿಯುವ ಕಡೆ, ಅರಗಿನಲ್ಲಿಯೇ ಕೊರೆದ ಮಾತೃಕಾಸಂಖ್ಯೆಯೊಂದು ಇರುತ್ತದೆ. ಚೀಟಿ ಹರಿದರೂ ಅದು ಉಳಿಯುತ್ತದೆ, ಮತ್ತು ಎರಡು ತಟ್ಟೆಗಳು ಒಂದೇ ಮುದ್ರಣದವೇ ಬೇರೆಬೇರೆಯವೇ ಎಂಬುದನ್ನು ಅದರಿಂದ ನಿಶ್ಚಯಿಸಬಹುದು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಗಳಲ್ಲಿ ಬ್ಯಾಂಡ್‌ಸೆಟ್ಟಿನಲ್ಲಿಯೋ ಆರ್ಕೆಸ್ಟ್ರಾದಲ್ಲಿಯೋ ನುಡಿಸಿದ ಹಿರಿಯರನ್ನು ಕಂಡರೆ ಮೊದಲು ಕೇಳಬೇಕಾದದ್ದು ಅವರ ಹಾಡಿನ ಪುಸ್ತಕವನ್ನು: ಹಾಡುಗಳ ಪಟ್ಟಿ ಯಾವ ಲಿಪಿಯಲ್ಲಿದೆ, ಕನ್ನಡದ ಹಾಡಿನ ಮುಂದಿನದು ಯಾವ ಭಾಷೆಯದು, ಶ್ರುತಿಯನ್ನು ಯಾವ ಗುರುತಿನಿಂದ ಬರೆದಿದ್ದಾರೆ, ಯಾವ ಹಾಡನ್ನು ಹೊಡೆದುಹಾಕಿದ್ದಾರೆ, ಯಾವ ವರ್ಷದಿಂದ. ಎರಡನೆಯದಾಗಿ ಕೇಳಬೇಕಾದದ್ದು, ತಮ್ಮ ಮೇಳದಿಂದ ಮದರಾಸಿಗೋ ಬೆಂಗಳೂರಿಗೋ ಹೋಗಿ ಮುದ್ರಣಕ್ಕೆ ನುಡಿಸಿದವರು ಯಾರಾದರೂ ಇದ್ದರೇ, ಇದ್ದರೆ ಯಾವ ಹಾಡಿಗೆ, ಯಾವ ವಾದ್ಯ, ಆ ದಿನದ ಕೂಲಿ ಎಷ್ಟು ಎಂಬುದನ್ನು.